ಮೇ ತಿಂಗಳಿಗೆ ಬರ್ತೀನಿ ಅಂದವನಿಗೆ

ಗೆಳೆಯಾ,

ಸ್ಪ್ರಿಂಗ್ ಕ್ರೀಕ್ ಹೊಳೆಯಲ್ಲಿ ಫ್ಲೈ, ಅಂದ್ರೆ ಹುಳುವಿನ ಹಾಗೆ ಕಟ್ಟಿದ ಗಾಳ, ಬೀಸಿ ಟ್ರೌಟ್ ಮೀನು ಹಿಡಿಯೋದು ಹೇಗೆ ಅಂತ ಫೋನಲ್ಲಿ ಹೇಳಿದರೆ ಮರೀತೀಯ, ಅದಕ್ಕೇ ಬರೀತಿದೀನಿ. ಪೆನ್ಸಿಲ್ವೇನಿಯಾ ಕಡೆ ಇರೋ ಬೇರೆ ಕನ್ನಡದವರಿಗೂ ಉಪಯೋಗಕ್ಕೆ ಬರಲಿ.

ಸ್ಪ್ರಿಂಗ್ ಕ್ರೀಕಿಗೆ ಇಳಿಯೋ ಮುಂಚೆ ಲೈಸೆನ್ಸ್ ಮಾಡಿಸು. 16 ತುಂಬಿದವರಿಗೆಲ್ಲ ಬೇಕು, ಟ್ರೌಟಿಗೆ ಅಂತ ಮೇಲೊಂದು ಪರ್ಮಿಟ್. ಹೊರಡೋ ಬೆಳಿಗ್ಗೆ ಯುಎಸ್‌ಜಿಎಸ್ (ಅಮೆರಿಕದ ಭೂವಿಜ್ಞಾನ ಸಮೀಕ್ಷೆ) ವೆಬ್‌ತಾಣದಲ್ಲಿ ಆಕ್ಸ್‌ಮನ್ ಊರಿನ ಹತ್ತಿರದ ಹರಿವಿನ ಮಾಪಕ ನೋಡು. ಗೆರೆ ಸರ್ರನೆ ಮೇಲೇರಿದ್ದರೆ ನೀರು ಕದಡಿರುತ್ತೆ, ಆ ದಿನ ಮಲಗು.

ಎಂಟೂವರೆ ಅಡಿಯ 4 ವೇಟ್ (ಹಗುರ ಲೈನಿಗೆ ಹೊಂದೋ) ರಾಡ್ ಸಾಕು. ಲೈನಿನ ತುದಿಗೆ 9 ಅಡಿಯ 5ಎಕ್ಸ್ ಲೀಡರ್ ಅನ್ನೋ ಸಣ್ಣ ಎಳೆ, ಅದರ ತುದಿಗೆ ಎರಡಡಿ ಇನ್ನೂ ತೆಳುವಾದ 6ಎಕ್ಸ್. ಸುಣ್ಣಕಲ್ಲಿನ ಬುಗ್ಗೆ ನೀರಾದ್ದರಿಂದ ತಳದಲ್ಲಿ ವರ್ಷವಿಡೀ ಸ್ಕಡ್ ಅನ್ನೋ ಸೀಗಡಿಯಂಥ ಪುಟ್ಟ ಜೀವಿ ಇರುತ್ತೆ, ಅದರ ಹಾಗಿರೋ 16ರ ಸೈಜಿನ ಫ್ಲೈ ಕಟ್ಟು. ಮೇ ಸಂಜೆಗೆ ಸಲ್ಫರ್, ಮೋಡದ ದಿನಕ್ಕೆ 20ರ ಬ್ಲೂ ವಿಂಗ್ಡ್ ಆಲಿವ್; ಎರಡೂ ನೀರಿಂದ ಏಳೋ ಹುಳುಗಳ ಹೆಸರಿನ ಫ್ಲೈ. ಮೀನು ಹತ್ತಿರ ಬಂದು ತಿರುಗಿ ಹೋದರೆ ತಕ್ಷಣ ಫ್ಲೈ ಬದಲಿಸಬೇಡ. ನಡುವಿನ ಸೆಳವು ಲೈನ್ ಎಳೀತಿರುತ್ತೆ, ಫ್ಲೈ ತೇಲೋ ಬದಲು ನೀರಿನ ಮೇಲೆ ಗೀರು ಹಾಕುತ್ತೆ. ಬಿದ್ದ ಕೂಡಲೇ ಲೈನನ್ನು ಹರಿವಿಗೆ ಎದುರಾಗಿ ಎತ್ತಿ ಹಾಕು. ಗಂಟು ಬಿಗಿಯೋ ಮುಂಚೆ ಎಂಜಲು ಹಚ್ಚು. ಒಣ ಗಂಟು ಉಜ್ಜಿ ಬಿಸಿಯಾಗಿ ಅಲ್ಲೇ ಕಿತ್ತುಬರುತ್ತೆ. ಇದೇ ಹೊಳೆಯ ಫಿಶರ್‌ಮನ್ಸ್ ಪ್ಯಾರಡೈಸ್ ಅನ್ನೋ ಭಾಗದಲ್ಲಿ ನೀರಿಗಿಳಿಯೋ ಹಾಗಿಲ್ಲ, ದಡದಿಂದಲೇ ಬೀಸು.

ಹಿಡಿದ ಟ್ರೌಟನ್ನೆಲ್ಲ ಬಿಡಬೇಕು. ಈ ನಿಯಮ ಬಂದದ್ದು 1982ರಲ್ಲಿ, ಕೆಪೋನ್, ಮೈರೆಕ್ಸ್ ಅನ್ನೋ ವಿಷ ಮೀನಿನ ಮೈಗೆ ಸೇರಿ ತಿನ್ನೋಕೆ ಆಗದೆ ಹೋದದ್ದಕ್ಕೆ. ಒಯ್ಯೋರಿಲ್ಲದೆ ಬ್ರೌನ್ ಟ್ರೌಟ್ ತಾವಾಗೇ ಹೆಚ್ಚಿಕೊಂಡವು. ಇದು ತಿಳಿದ ಮೇಲೆ ಮನಸ್ಸು ಕಸಿವಿಸಿ ಕಣೋ. ನಾವು ದಯೆ ಅಂದುಕೊಂಡು ಮಾಡ್ತಿರೋದು ಶುರುವಾದದ್ದು ವಿಷದಿಂದ. ಬಾಲ ಬೀಸಿ ಹೋದ ಮೀನು ಬದುಕಿತು ಅಂತಲೂ ಅಲ್ಲ. ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಮ್ಮಿ, ದಣಿದದ್ದು ಕಣ್ಣು ಮರೆಯಾದ ಮೇಲೆ ಸಾಯಬಹುದು. ಥರ್ಮಾಮೀಟರ್ ತಾ. ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ರಾಡ್ ಬಿಚ್ಚಿಡು. ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡು, ಒದ್ದೆ ಕೈಲಿ ಹಿಡಿ, ನೀರೊಳಗೇ ಬಿಡಿಸು. ಫೋಟೋ ಬೇಡ. ಇಷ್ಟು ಮಾಡಿದರೂ ನಮ್ಮ ಖುಷಿಗೆ ಅದರ ಬಾಯಿ ಚುಚ್ಚಿದ್ದು ಚುಚ್ಚಿದ್ದೇ. ಆದರೂ ಬಿಡೋಕಾಗ್ತಿಲ್ಲ, ಆ ಹೊಳೆ ಅಂದ್ರೆ ನನಗೆ ಪ್ರಾಣ.

ನಿನಗೊಬ್ಬನಿಗೇ ಹೇಳಬೇಕಿದ್ದನ್ನ ಎಲ್ಲರೆದುರು ಬರೆದೆ. ಇರಲಿ. ಸಲ್ಫರ್ ಏಳೋದು ಕತ್ತಲಾಗೋ ಹೊತ್ತಿಗೆ, ಹೆಡ್‌ಲ್ಯಾಂಪ್ ಮರೀಬೇಡ. ಅವಲಕ್ಕಿ ನಾನು ತರ್ತೀನಿ. ಕೊಡೆ ಮಾತ್ರ ಬೇಡಪ್ಪ, ಯಾಕೆ ಅಂತ ನಿನಗೇ ಗೊತ್ತು!