ಹೆದರಿಸಿದರೆ ಮಕ್ಕಳು ಸರಿಹೋಗ್ತಾರಾ? ಪೋಷಕರಿಗೆ ಒಂದು ಪತ್ರ

ವಾಸ್ಕೋ, ಗೋವಾ

ಆತ್ಮೀಯ ಪೋಷಕರೇ, ನಮಸ್ಕಾರ.

ಶಾಲೆಯ ಗೇಟಿನ ಹತ್ತಿರ ಹುಡುಗರ ಹೊಡೆದಾಟ ಆದ ಮೇಲೆ ನಿಮ್ಮಲ್ಲಿ ಕೆಲವರು ಬಂದು, "ಮೇಡಂ, ಈ ಹುಡುಗರಿಗೆ ಒಂದ್ಸಲ ಜೈಲು ತೋರಿಸಿ, ಬುದ್ಧಿ ಬರುತ್ತೆ" ಅಂದಿರಿ. ನಿಮ್ಮ ಆತಂಕ ನನಗೂ ಇದೆ. ಆದರೂ ಅದನ್ನು ನಾವು ಮಾಡುವುದಿಲ್ಲ.

ಅಮೆರಿಕದಲ್ಲಿ 1970ರ ದಶಕದಿಂದ ಇದನ್ನೇ ಮಾಡಿ ನೋಡಿದ್ದಾರೆ. ಮಕ್ಕಳನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದಲೇ ಹೆದರಿಸುತ್ತಿದ್ದರು. 'ಸ್ಕೇರ್ಡ್ ಸ್ಟ್ರೇಟ್' ಅಂತ ಅದರ ಹೆಸರು. ಆಮೇಲೆ ಸಂಶೋಧಕರು ಲೆಕ್ಕ ಹಾಕಿದಾಗ, ಜೈಲಿಗೆ ಹೋಗಿ ಬಂದ ಮಕ್ಕಳೇ ಹೋಗದವರಿಗಿಂತ ಜಾಸ್ತಿ ಅಪರಾಧ ಮಾಡಿದ್ದರು.

ಶಿಕಾಗೋದ ಶಾಲೆಗಳಲ್ಲಿ ಬೇರೆ ದಾರಿ ಹಿಡಿದರು. ಒಬ್ಬ ಹುಡುಗನ ಕೈಗೆ ಚೆಂಡು ಕೊಟ್ಟು, ಅರ್ಧ ನಿಮಿಷದಲ್ಲಿ ಅದನ್ನು ತೆಗೆದುಕೋ ಅಂತ ಇನ್ನೊಬ್ಬನಿಗೆ ಹೇಳುತ್ತಾರೆ. ಹೆಚ್ಚಿನವರು ಕೈ ತಿರುಚುತ್ತಾರೆ, ಎಳೆದಾಡುತ್ತಾರೆ. "ಕೊಡು ಅಂತ ಕೇಳಬಹುದಿತ್ತಲ್ವಾ?" ಅಂದಾಗಲೇ ಅವರಿಗೆ ಹೊಳೆಯುವುದು. ಕೈ ಎತ್ತುವ ಮುಂಚೆ ಒಂದು ಕ್ಷಣ ನಿಲ್ಲುವುದನ್ನು ಹೀಗೆ ವಾರವಾರ ಅಭ್ಯಾಸ ಮಾಡಿಸಿದರು. ಆ ಅವಧಿಯಲ್ಲಿ ಹಿಂಸೆಯ ಕೇಸುಗಳಲ್ಲಿ ಆ ಹುಡುಗರ ಬಂಧನ ಸುಮಾರು ಅರ್ಧದಷ್ಟು ಇಳಿಯಿತು. ಕಾರ್ಯಕ್ರಮ ಮುಗಿದ ಮೇಲೆ ಆ ಲಾಭ ಉಳಿಯಲಿಲ್ಲ. ಅಂದರೆ ಒಂದು ದಿನದ ಭಾಷಣದಿಂದ ಏನೂ ಆಗದು.

ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ನಮ್ಮ ಗೋವಾದ ಸಂಗಾತ್ ಸಂಸ್ಥೆ ಬಿಹಾರದ ನಳಂದ ಜಿಲ್ಲೆಯ 74 ಶಾಲೆಗಳಲ್ಲಿ 'ಸೆಹರ್' ಅಧ್ಯಯನ ನಡೆಸಿತು. ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸ್ಥಳೀಯರೊಬ್ಬರು ಮಕ್ಕಳ ಜೊತೆ ಕೆಲಸ ಮಾಡಿದರು. ಅಲ್ಲಿ ಕೀಟಲೆ, ಹಿಂಸೆ ಕಡಿಮೆಯಾಯಿತು. ಅದೇ ಕೆಲಸವನ್ನು ಶಿಕ್ಷಕರಿಗೆ ವಹಿಸಿದಲ್ಲಿ ಫಲ ಸಿಗಲಿಲ್ಲ. ಮಾರ್ಕ್ಸ್ ಹಾಕುವವರ ಮುಂದೆ ಮಗು ಮನಸ್ಸು ಬಿಚ್ಚುವುದು ಕಷ್ಟ ಅಂತ ನನಗನಿಸುತ್ತದೆ. ಅದಕ್ಕೇ ಮುಂದಿನ ತಿಂಗಳಿಂದ ಪ್ರತಿ ಶನಿವಾರ ಕನ್ನಡ ಬಲ್ಲ ಆಪ್ತ ಸಮಾಲೋಚಕಿಯೊಬ್ಬರು ಶಾಲೆಗೆ ಬರುತ್ತಾರೆ.

ಇನ್ನೊಂದು ಮಾತು. ಮೊಬೈಲು ಕೊಡಿಸಿ "ಈ ಪ್ಯಾಕೆಟ್ ತಲುಪಿಸು" ಅನ್ನುವವನಾಗಲಿ, ಫೋಟೋ ಕೇಳುವವನಾಗಲಿ, ಮಗುವಿಗೆ ಹೇಳುವುದು ಒಂದೇ: "ಮನೇಲಿ ಹೇಳಿದ್ರೆ ನಿನಗೇ ಏಟು ಬೀಳುತ್ತೆ." ಆ ಮಾತು ನಮ್ಮ ಮನೆಗಳಲ್ಲಿ ನಿಜವಾಗಬಾರದು. ಮಗು ಹೇಳಿಕೊಂಡರೆ ಮೊದಲು ಪೂರ್ತಿ ಕೇಳಿ. ಬೈಯಬೇಡಿ, ಮೊಬೈಲಿನ ಮೆಸೇಜು ಅಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ಉಚಿತ. ಇಲ್ಲವೇ ನನ್ನ ಹತ್ತಿರ ಬನ್ನಿ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೋ ಕಾಯ್ದೆಯಂತೆ ದೂರು ಕೊಡಲೇಬೇಕು. ಮಗುವಿನ ಹೆಸರನ್ನು ಮಾಧ್ಯಮದಲ್ಲಿ ಬಯಲು ಮಾಡುವಂತಿಲ್ಲ.

ನಿಮಗೆ ಕೆಲಸಕ್ಕೆ ರಜೆ ಸಿಗುವುದು ಕಷ್ಟ ಅಂತ ಪೋಷಕರ ಸಭೆಯನ್ನು ಭಾನುವಾರ ಸಂಜೆ 5ಕ್ಕೆ ಇಟ್ಟಿದ್ದೇವೆ. ಅಪ್ಪಂದಿರೂ ತಪ್ಪದೇ ಬನ್ನಿ. ಸಮಾಲೋಚನೆಯ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಮಕ್ಕಳ ಕೈಯಲ್ಲಿ ಕಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ