ಹಳೇ ಬೋಲ್ಟು ನಡೆಯುತ್ತೆ ಅಂದವರು ಯಾರು?

ಸಂಪಾದಕರೇ, ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ಹೊಸ ಕಾರಿನ ಬಣ್ಣ, ಮೈಲೇಜು, ಸನ್‌ರೂಫ್ ಎಲ್ಲ ಬರುತ್ತದೆ. ಬೋಲ್ಟಿನ ಬಗ್ಗೆ ಒಂದು ಸಾಲೂ ನಾನು ನೋಡಿಲ್ಲ. ಪೆಟ್ಟು ತಿಂದವನು ನಾನು, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಹೋದ ತಿಂಗಳು ಮನೆ ಅಂಗಳದಲ್ಲೇ ನನ್ನ ಹಳೇ ಕಾರಿನ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ಸೀಲು) ಬದಲಿಸಲು ಕೂತೆ. ಗ್ಯಾಸ್ಕೆಟ್ ಹೊಸದು ತಂದೆ. ಹೆಡ್ಡನ್ನು ಬ್ಲಾಕಿಗೆ ಬಿಗಿಯುವ ಬೋಲ್ಟು ಕೇಳಿದರೆ ಅಂಗಡಿಯವರು "ಹಳೇವೇ ಹಾಕ್ರಿ, ಏನೂ ಆಗಂಗಿಲ್ಲ" ಅಂದರು. ದುಡ್ಡು ಉಳಿಯಿತಲ್ಲ ಎಂದು ನನಗೂ ಖುಷಿ. ಕಾರಿನ ಪುಸ್ತಕದಲ್ಲಿ ಹೇಳಿದ ತಿರುಗಿಸುವ ಬಲಕ್ಕೆ, ಅಂದರೆ ಟಾರ್ಕ್‌ಗೆ ಬಿಗಿ ಮಾಡಿ, ಆಮೇಲೆ 90 ಡಿಗ್ರಿ ತಿರುಗಿಸುವಾಗ ಒಂದು ಬೋಲ್ಟಿಗೆ ಪಾನಾ ಯಾಕೋ ಹಗುರಾಯಿತು, ತಿರುಗುತ್ತಿದೆ ಆದರೆ ಬಿಗಿಯಾಗುತ್ತಿಲ್ಲ, ಇದೇನಪ್ಪಾ ಅನ್ನುವಷ್ಟರಲ್ಲಿ ಟಕ್! ತಲೆ ಕೈಗೆ ಬಂತು. ಉಳಿದದ್ದು ಬ್ಲಾಕ್ ಒಳಗೆ.

ಉದ್ಯಮಬಾಗದ ಲೇತ್ ಮಿಸ್ತ್ರಿ ಒಬ್ಬರು ಬಂದು ಆ ತುಂಡು ತೆಗೆದುಕೊಟ್ಟರು. ಹೊಸ ಬೋಲ್ಟಿನ ಪಕ್ಕ ನನ್ನ ಹಳೇದನ್ನು ಇಟ್ಟು ತೋರಿಸಿದರು. ಹಳೇದು ಉದ್ದ ಆಗಿತ್ತು! ಬೋಲ್ಟು ಅಂದರೆ ಒಂಥರಾ ಸ್ಪ್ರಿಂಗು, ಬಿಗಿ ಮಾಡಿದಾಗ ಸ್ವಲ್ಪ ಹಿಗ್ಗುತ್ತದೆ, ಆ ಎಳೆತವೇ ಹೆಡ್ಡನ್ನು ಹಿಡಿದಿಡುವುದು. ಸಾಮಾನ್ಯ ಬೋಲ್ಟು ಬಿಚ್ಚಿದರೆ ಮೊದಲಿನ ಅಳತೆಗೆ ಬರುತ್ತದೆ. ಆದರೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಹೆಡ್ ಬೋಲ್ಟುಗಳಲ್ಲಿ ಬಹಳಷ್ಟನ್ನು ಬೇಕಂತಲೇ ಹಾಗೆ ವಾಪಸ್ ಬರುವ ಮಿತಿ ದಾಟಿ ಎಳೆದಿರುತ್ತಾರೆ. ಹಳೇ ಚಡ್ಡಿಯ ಇಲಾಸ್ಟಿಕ್ ಇದ್ದ ಹಾಗೆ, ಮತ್ತೆ ಬಿಗಿ ಬರಲ್ಲ. ಕೆಲವು ಕಂಪನಿಗಳು ಉದ್ದ ಅಳೆದು, ಮಿತಿಯೊಳಗಿದ್ದರೆ ಮತ್ತೆ ಹಾಕಿ ಅನ್ನುತ್ತವೆ. ನನ್ನ ಕಾರಿನ ಪುಸ್ತಕದಲ್ಲಿ ಹೊಸದೇ ಹಾಕಿ ಎಂದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು. ನಾನು ಓದಿರಲಿಲ್ಲ, ಅದು ನನ್ನದೇ ತಪ್ಪು.

ಬೋಲ್ಟಿನ ತಲೆ ಮೇಲೆ 10.9 ಅಂತಿದೆ, ಗಟ್ಟಿ ಮಾಲು ಎಂದು ನಂಬಿದ್ದೆ. ಆ ನಂಬರು ಶಕ್ತಿ ಎಷ್ಟು ಅಂತ ಮಾತ್ರ ಹೇಳುತ್ತದೆ, ಮತ್ತೆ ಹಾಕಬಹುದಾ ಅಂತ ಹೇಳಲ್ಲ.

ಎಣ್ಣೆಯದು ಇನ್ನೊಂದು ಕಥೆ. ನಾವು ಪಾನಾಕ್ಕೆ ಹಾಕುವ ಬಲದಲ್ಲಿ ಸುಮಾರು 10% ಮಾತ್ರ ಬೋಲ್ಟನ್ನು ಎಳೆಯುತ್ತದೆ, ಉಳಿದದ್ದನ್ನೆಲ್ಲ ಥ್ರೆಡ್ಡಿನ ಮತ್ತು ತಲೆ ಕೆಳಗಿನ ತಿಕ್ಕಾಟ ತಿಂದುಹಾಕುತ್ತದೆ. ಒಣಗಿದ ಥ್ರೆಡ್ಡಿಗೆ ಹೇಳಿದ ಟಾರ್ಕನ್ನು ಎಣ್ಣೆ ಹಚ್ಚಿದ್ದಕ್ಕೆ ಕೊಟ್ಟರೆ ಬೋಲ್ಟು ಜಾಸ್ತಿ ಹಿಗ್ಗುತ್ತದೆ, ತುಕ್ಕು ಇದ್ದರೆ ಟಾರ್ಕ್ ರೆಂಚ್ (ಬಲ ಅಳೆಯುವ ಪಾನಾ) ಕ್ಲಿಕ್ ಅಂದರೂ ಬಿಗಿ ಕಡಿಮೆ. ಇನ್ನು ಬ್ಲಾಕಿನ ತೂತಿನ ತಳದಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬೋಲ್ಟು ಅದನ್ನು ಒತ್ತಿ ಬ್ಲಾಕೇ ಬಿರುಕು ಬಿಡಬಹುದು.

ಟ್ಯಾಪೆಟ್ ಕವರ್, ವಾಟರ್ ಪಂಪಿನ ಸಾದಾ ಬೋಲ್ಟುಗಳು ಥ್ರೆಡ್ ಚೆನ್ನಾಗಿದ್ದರೆ ಸಾಮಾನ್ಯವಾಗಿ ಮತ್ತೆ ನಡೆಯುತ್ತವೆ, ಸುಮ್ನೆ ಎಲ್ಲ ಹೊಸದು ಕೊಳ್ಳಬೇಕಿಲ್ಲ. ಆದರೆ ಹೆಡ್ ಗ್ಯಾಸ್ಕೆಟ್ ಮಾರುವಾಗ ಬೋಲ್ಟಿನ ಸೆಟ್ಟನ್ನೂ ಪಕ್ಕಕ್ಕಿಟ್ಟು ಒಂದು ಮಾತು ಹೇಳಲು ನಮ್ಮೂರಿನ ಅಂಗಡಿಯವರಿಗೆ ಏನು ಕಷ್ಟ? ಹಾಗೇ ಕಾರು ಕಂಪನಿಗಳು ಆ ಒಂದು ಸಾಲನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕಲಿ.

— ನಿಮ್ಮ ಓದುಗ, ಟಿಳಕವಾಡಿ, ಬೆಳಗಾವಿ