ವಿಯೆಂಟಿಯಾನ್‌ನಿಂದ ಹನೋಯ್‌ಗೆ: ವಿಮಾನವೋ, ಬಸ್ಸೋ?

ಪ್ರಿಯ ಗೆಳೆಯಾ,

ಲಾವೋಸ್ ಸುತ್ತಿದ ಮೇಲೆ ವಿಯೆಂಟಿಯಾನ್‌ನಿಂದ ಹನೋಯ್‌ಗೆ ವಿಮಾನದಲ್ಲಿ ಹೋಗಲೋ ರಾತ್ರಿ ಬಸ್ಸು ಹಿಡಿಯಲೋ ಎಂದು ಕೇಳಿದ್ದೀಯೆ. ಆ ಬಸ್ಸಿನಲ್ಲಿ ಒಮ್ಮೆ ಹೋದವನು ನಾನು; ಆದ್ದರಿಂದ ನನ್ನ ಉತ್ತರದಲ್ಲಿ ಆ ರಾತ್ರಿಯ ಮುನಿಸು ತುಸು ಬೆರೆತಿದ್ದರೆ ಮನ್ನಿಸು.

ಎರಡೂ ರಾಜಧಾನಿಗಳ ನಡುವಿನ ನೇರ ಅಂತರ ಸುಮಾರು 480 ಕಿಲೋಮೀಟರ್ ಅಷ್ಟೇ. ವಿಮಾನಕ್ಕೆ ಅದು ಒಂದು ಗಂಟೆಯ ದಾರಿ. ಆದರೆ ನೆಲದ ಮೇಲೆ ಅನ್ನಾಮೈಟ್ ಪರ್ವತಶ್ರೇಣಿ ಅಡ್ಡ ನಿಂತಿದೆ. ರೈಲೂ ಇಲ್ಲ, 2021ರ ಡಿಸೆಂಬರಿನಲ್ಲಿ ಆರಂಭವಾದ ಹೊಸ ಮಾರ್ಗ ವಿಯೆಂಟಿಯಾನ್‌ನಿಂದ ಉತ್ತರಕ್ಕೆ, ಚೀನಾದ ಕಡೆಗೆ ಹೋಗುತ್ತದೆ. ಹೀಗಾಗಿ ಬಸ್ಸು ಮೊದಲು 13ನೇ ಹೆದ್ದಾರಿಯಲ್ಲಿ ಆಗ್ನೇಯಕ್ಕೆ ಸಾಗಿ, ಅಲ್ಲಿಂದ 8ನೇ ಹೆದ್ದಾರಿಗೆ ತಿರುಗಿ ಬೆಟ್ಟ ಹತ್ತಿ, ನಾಮ್ ಫಾವ್ ಗಡಿಯನ್ನು ದಾಟಿ, ವಿಯೆಟ್ನಾಂನ ವಿನ್ ಪಟ್ಟಣದ ಕಡೆಗೆ ಇಳಿದು, ಮತ್ತೆ ಉತ್ತರಕ್ಕೆ ಹೊರಳಬೇಕು. ಇದಕ್ಕೆಲ್ಲ ಹೆಚ್ಚುಕಡಿಮೆ 24 ಗಂಟೆ ಹಿಡಿಯುತ್ತದೆ.

ರಾತ್ರಿ ಬಸ್ಸಿನಲ್ಲಿ ಹೋದರೆ ಒಂದು ದಿನದ ಕೋಣೆಯ ಬಾಡಿಗೆ ಉಳಿಯುತ್ತದೆಂದು ಲೆಕ್ಕ ಹಾಕಿದ್ದೀಯಲ್ಲ, ನಾನೂ ಹಾಗೆಯೇ ಹಾಕಿದ್ದೆ. ಸಂಜೆ ಹೊರಟ ಬಸ್ಸು ತಲುಪಿದ್ದು ಮರುದಿನ ಸಂಜೆ. ಹನೋಯ್‌ನಲ್ಲಿ ಕೋಣೆಯನ್ನಂತೂ ಹಿಡಿಯಲೇಬೇಕಾಯಿತು, ನಡುವಿನ ಹಗಲು ಕೈಬಿಟ್ಟುಹೋಯಿತು. ಗಡಿಯ ಬಾಗಿಲು ತೆರೆಯುವುದು ಬೆಳಿಗ್ಗೆ. ನಮ್ಮ ಬಸ್ಸು ಅದಕ್ಕೂ ಎಷ್ಟೋ ಮೊದಲೇ ಬಂದು, ಎಂಜಿನ್ ಆರಿಸಿ, ಕತ್ತಲಲ್ಲಿ ನಿಂತುಬಿಟ್ಟಿತು. ಮೊಣಕಾಲು ಚಾಚಲಾಗದ ಮೇಲಿನ ಮಲಗುಪೆಟ್ಟಿಗೆಯಲ್ಲಿ ನಿದ್ರೆಯೂ ಅಲ್ಲದ ಎಚ್ಚರವೂ ಅಲ್ಲದ ಸ್ಥಿತಿಯಲ್ಲಿ ಬೆಳಗಾಗುವುದನ್ನು ಕಾದೆ. ಬಳಿಕ ಚೀಲ ಹೊತ್ತು, ಲಾವೋಸ್ ಕಚೇರಿಯಲ್ಲಿ ನಿರ್ಗಮನದ ಮುದ್ರೆ ಹಾಕಿಸಿಕೊಂಡು, ಜಡಿಮಳೆಯಲ್ಲಿ ನಡೆದೇ ಆಚೆಯ ಕಚೇರಿಗೆ ಹೋದದ್ದಾಯಿತು. (ಚಳಿಗಾಲದಲ್ಲಿ ಬೆಟ್ಟದ ಈಚೆ ಒಣಹವೆ ಇದ್ದರೂ ಆಚೆ ಈಶಾನ್ಯದ ಗಾಳಿ ತರುವ ತುಂತುರು ಬಿಡುವುದಿಲ್ಲ, ಕೊಡೆಯನ್ನು ಚೀಲದ ತಳದಲ್ಲಿಡಬೇಡ.) ಇಷ್ಟಾಗಿಯೂ ನನಗೆ ನಿಜವಾಗಿ ನೋವಾದದ್ದು ಬೇರೆಯದಕ್ಕೆ: 8ನೇ ಹೆದ್ದಾರಿಯ ಇಕ್ಕೆಲದ ಸುಣ್ಣಕಲ್ಲಿನ ಶಿಖರಗಳೆಲ್ಲ ಇರುಳಲ್ಲೇ ದಾಟಿಹೋಗಿದ್ದವು. ನೆಲದ ಮೇಲೆ ಪ್ರಯಾಣಿಸುವುದೇ ನೋಡುವುದಕ್ಕಾದರೆ, ರಾತ್ರಿ ಬಸ್ಸು ಆ ಒಂದನ್ನೇ ಕಿತ್ತುಕೊಳ್ಳುತ್ತದೆ.

ಆದ್ದರಿಂದ ನಿನಗೆ ಮೂರು ದಿನಗಳ ಬಿಡುವಿದ್ದರೆ ಹಗಲಿನಲ್ಲೇ ತುಂಡುತುಂಡಾಗಿ ಹೋಗು. ಮೊದಲ ದಿನ ಕೊಂಗ್ ಲೋರ್ ತಲುಪಿ, ಮರುದಿನ ಬೆಳಿಗ್ಗೆ ಅಲ್ಲಿನ ಗುಹೆಯೊಳಗೆ ದೋಣಿಯಲ್ಲಿ ಹೋಗಿ ಬಾ; ಬೆಟ್ಟದ ಅಡಿಯಲ್ಲೇ ನದಿ ಸುಮಾರು 7 ಕಿಲೋಮೀಟರ್ ಹರಿಯುತ್ತದೆ. ಆ ರಾತ್ರಿ ಗಡಿಗೆ ಸಮೀಪದ ಲಾಕ್ ಸಾವ್‌ನಲ್ಲಿ ತಂಗಿ, ಮೂರನೆಯ ದಿನ ಗಡಿ ದಾಟಿ ವಿನ್ ಸೇರಿದರೆ, ಅಲ್ಲಿಂದ ಹನೋಯ್‌ಗೆ 319 ಕಿಲೋಮೀಟರ್ ರೈಲಿನಲ್ಲೇ ಹೋಗಬಹುದು. ಗಡಿಯಾಚೆ ವಾಹನದವರು ಮೊದಲು ಹೇಳುವ ದರಕ್ಕೆ ಒಪ್ಪಬೇಡ. ಉಳಿದ ಕಿಪ್ ನೋಟುಗಳನ್ನು ಲಾವೋಸ್‌ನಲ್ಲೇ ಬದಲಾಯಿಸಿಕೋ, ಹೊರಗೆ ಅವುಗಳನ್ನು ಕೊಳ್ಳುವವರು ಸಿಗುವುದು ಕಷ್ಟ.

ಅಷ್ಟು ಬಿಡುವಿಲ್ಲದಿದ್ದರೆ ವಿಮಾನವೇ ಸರಿ. ಸಣ್ಣ ಹಾರಾಟದಲ್ಲಿ ಮೇಲೇರುವುದಕ್ಕೇ ಇಂಧನದ ದೊಡ್ಡ ಪಾಲು ಖರ್ಚಾಗುತ್ತದೆಂಬ ನಿನ್ನ ಅಳುಕು ನ್ಯಾಯವಾದದ್ದೇ. ಆದರೂ ಎರಡೇ ದಿನ ಕೈಯಲ್ಲಿಟ್ಟುಕೊಂಡವನಿಗೆ ಆ ಬಸ್ಸನ್ನು ಹತ್ತು ಎನ್ನಲು ನನಗೆ ಮನಸ್ಸು ಬಾರದು.

ಒಂದು ಮಾತು ಮಾತ್ರ ಮರೆಯಬೇಡ. ವಿಯೆಟ್ನಾಂನ ಇ-ವೀಸಾ ಅರ್ಜಿಯಲ್ಲಿ ಯಾವ ದ್ವಾರದಿಂದ ದೇಶದೊಳಗೆ ಬರುವೆ ಎಂದು ನಮೂದಿಸಬೇಕು. ರಸ್ತೆಯಾದರೆ ಕಾವ್ ತ್ರೆಯೊ (ನಾಮ್ ಫಾವ್ ಗಡಿಯ ವಿಯೆಟ್ನಾಂ ಬದಿಯ ಹೆಸರು), ವಿಮಾನವಾದರೆ ಹನೋಯ್‌ನ ವಿಮಾನನಿಲ್ದಾಣ ನೋಯ್ ಬಾಯ್. ಹಾಗಾಗಿ ನೀನು ತೀರ್ಮಾನಿಸಬೇಕಾದದ್ದು ಟಿಕೆಟ್ ಕೊಳ್ಳುವಾಗಲ್ಲ, ಆ ಅರ್ಜಿ ತುಂಬುವಾಗ. ಎಷ್ಟು ದಿನ ರಜೆ ಸಿಕ್ಕಿತೆಂದು ಅದಕ್ಕೆ ಮೊದಲೇ ಬರೆದು ತಿಳಿಸು.

ಇಂತಿ,
ನಿನ್ನ ಗೆಳೆಯ